ಮದ್ದಿನ ಪೊಟ್ಟಣದಲ್ಲೂ ಪಾಲೇ?

ಬೈದೋವಾ ಊರಾಚೆಯ ನಮ್ಮ ನಿರಾಶ್ರಿತರ ಶಿಬಿರದಲ್ಲಿ ಒಂದು ಕೆಟ್ಟ ಪದ್ಧತಿ ಇತ್ತು. ನೆರವಿನ ಲಾರಿಯಲ್ಲಿ ಜೋಳ ಬರಲಿ, ಎಣ್ಣೆ ಬರಲಿ, ಅರ್ಧ ಮದೇಯನಿಗೆ. ಜಾಗ ಅವನದು, ಬಂದೂಕು ಹಿಡಿದ ಗೇಟಿನ ಕಾವಲಿನವರೂ ಅವನವರೇ. ಮೇಕೆಗಳನ್ನು ಬರಕ್ಕೆ ಕಳೆದುಕೊಂಡು, ಊರನ್ನು ಬಂದೂಕಿನವರಿಗೆ ಬಿಟ್ಟು ನಡೆದು ಬಂದವರು ನಾವು. ಬಾಯಿ ಮುಚ್ಚಿಕೊಂಡು ಕೊಡುತ್ತಿದ್ದೆವು.

ನಮ್ಮಲ್ಲೊಬ್ಬಳಾದ ದಹಾಬೊಳ ಪುಟ್ಟ ಮಗ ನೂರೋ ಎಲುಬಿನ ಗೂಡಾಗಿದ್ದ. ಚಿಕಿತ್ಸಾಲಯದಲ್ಲಿ ಕಡಲೆಕಾಯಿ ಪೇಸ್ಟಿನ ಪೊಟ್ಟಣಗಳನ್ನು ಕೊಟ್ಟರು. ಅದು ತಿಂಡಿಯಲ್ಲ, ಸೊರಗಿದ ಮಕ್ಕಳಿಗೆ ಮದ್ದು. ಆದರೆ ಮತ್ತೆ ತೂಗಿದಾಗ ಮಗು ಇನ್ನಷ್ಟು ಇಳಿದಿತ್ತು.

ನರ್ಸ್ ಇಫ್ರಾಹ್ ಸಿಟ್ಟಾದಳು. "ಏನಮ್ಮ, ಪೊಟ್ಟಣ ಸಂತೇಲಿ ಮಾರ್ಕೊಂಡ್ಯಾ?"

ದಹಾಬೊಳ ಜೊತೆಗೆ ಬಂದಿದ್ದ ನೆರೆಯ ಶಂಸೊಗೆ ತಡೆಯಲಾಗಲಿಲ್ಲ.

"ಅವಳ್ಯಾಕೆ ಮಾರ್ತಾಳೆ? ಗೇಟಲ್ಲಿ ಮದೇಯನ ಆಳು ಅರ್ಧ ಕಿತ್ಕೋತಾನೆ. ಮಾರೋನು ಅವನು!"

"ಸುಮ್ನಿರಕ್ಕಾ," ದಹಾಬೊ ಅವಳ ಮುಸುಕು ಜಗ್ಗಿದಳು. "ಗುಡಾರ ಕೀಳಿಸ್ತಾನೆ. ಕೂಸು ಎತ್ಕೊಂಡು ಎಲ್ಲಿಗೆ ಹೋಗ್ಲಿ?"

"ಹೋದ ಬರದಲ್ಲಿ ನನ್ ಮಗಳ ಪೊಟ್ಟಣಾನೂ ಹಿಂಗೇ ಕಿತ್ಕೊಂಡ್ರು," ಅಂದಳು ಶಂಸೊ. "ಅವಳೀಗ ಆ ದಿಬ್ಬದ ಮಣ್ಣಲ್ಲಿದಾಳೆ. ಗುಡಾರ ಉಳ್ಕೊಂತು. ಏನ್ ಮಾಡ್ಲಿ ಅದನ್ನ?"

ಇಫ್ರಾಹ್‌ಳ ದನಿ ಇಳಿಯಿತು. "ತಪ್ಪಾಯ್ತಮ್ಮ, ಕೇಳದೇ ಬೈದೆ. ನೋಡು, ನೆರವಲ್ಲಿ ಪಾಲು ಕೇಳೋ ಹಕ್ಕು ಯಾರಿಗೂ ಇಲ್ಲ. ದೂರು ಹೇಳೋಕೆ ಪುಕ್ಕಟೆ ಫೋನ್ ನಂಬರಿದೆ. ಹೆಸರೂ ಹೇಳ್ಬೇಕಾಗಿಲ್ಲ."

"ಫೋನಿಗೆ ಬಂದೂಕು ಹೆದರುತ್ತಾ?" ಶಂಸೊ ಕೇಳಿದಳು.

"ಒಬ್ಬಳು ಮಾಡಿದ್ರೆ ಇಲ್ಲ. ಎಲ್ರೂ ಮಾಡಿ."

ಅಂದು ಪೊಟ್ಟಣ ಪಡೆಯಲು ಬಂದಿದ್ದ ನಾವು ತಾಯಂದಿರೆಲ್ಲ ಗುಂಪಾಗಿ ಶಿಬಿರಕ್ಕೆ ಮರಳಿದೆವು. ಗೇಟಿನಲ್ಲಿ ಆಳು ಎಂದಿನಂತೆ ಕೈಚಾಚಿದ. ಆಗ ಅಂಜುಬುರುಕಿ ದಹಾಬೊ ಅಲ್ಲೇ ಮಣ್ಣಿನಲ್ಲಿ ಕುಳಿತು, ಪೊಟ್ಟಣ ಹರಿದು, ಮಗನ ಬಾಯಿಗಿಟ್ಟಳು. ಅವಳನ್ನು ನೋಡಿ ನಾವೂ ಕುಳಿತೆವು.

ಮದೇಯ ಓಡಿ ಬಂದ. "ಯಾರ ಜಾಗ ಅಂದ್ಕೊಂಡಿದೀರಿ ಇದನ್ನ?"

"ಜಾಗ ನಿಂದೇ ಕಣಪ್ಪ," ಅಂದಳು ದಹಾಬೊ. ಮಗನನ್ನು ಮುಂದಕ್ಕೆ ಹಿಡಿದಳು. "ಈ ಬಾಯಿ ನನ್ ಮಗಂದು. ಪಾಲು ಬೇಕಾದ್ರೆ ಬಾ, ಇದ್ರೊಳಗಿಂದ ಕಿತ್ಕೋ."

ದಾರಿಹೋಕರು ನಿಂತು ನೋಡುತ್ತಿದ್ದರು. ಆಳು ಕೈ ಹಿಂದಕ್ಕೆಳೆದುಕೊಂಡ.

ಮದೇಯ ಸುಮ್ಮನಾಗಲಿಲ್ಲ. ಮರುದಿನ ದಹಾಬೊಳ ಗುಡಾರ ಕೀಳಿಸಿದ. ನಾವು ನಮ್ಮ ನಮ್ಮ ಚಾಪೆ, ಬಟ್ಟೆ ತಂದು ಅದನ್ನು ಮತ್ತೆ ಕಟ್ಟಿದೆವು. ಎಲ್ಲರೂ ಫೋನ್ ಮಾಡಿದೆವು. ಆ ಕಡೆ ಯಾರಾದರೂ ಎತ್ತುವವರೆಗೂ ಬಿಡಲಿಲ್ಲ. ಕೊನೆಗೆ ನೆರವಿನ ಹಂಚಿಕೆಯೆಲ್ಲ ಚಿಕಿತ್ಸಾಲಯದ ಬಯಲಿಗೆ ಬಂತು, ಹಿರಿಯರ ಕಣ್ಣೆದುರಿಗೆ; ಗೇಟಿನ ಪಾಲು ನಿಂತಿತು. ನೂರೋ ಈಗ ಗುಡಾರದ ಹಗ್ಗ ಹಿಡಿದು ನಿಲ್ಲುತ್ತಾನೆ.

ತಾಯಂದಿರೇ, ಮಗುವಿನ ಮದ್ದಿನಾಹಾರ ಮಗುವಿನದು ಮಾತ್ರ. ಯಾರಾದರೂ ಪಾಲು ಕೇಳಿದರೆ ಒಬ್ಬರೇ ಅಳಬೇಡಿ, ಒಟ್ಟಾಗಿ ದೂರು ಕೊಡಿ. ನೆರವು ಕಳಿಸುವವರೇ, ಎಷ್ಟು ಲಾರಿ ಹೊರಟವು ಎಂದು ನಮಗೆ ಹೇಳಬೇಡಿ. ಎಷ್ಟು ಬಾಯಿಗೆ ಬಿತ್ತು ಎಂದು ಬಂದು ಕೇಳಿ.