ಕೆಂಪು ದೀಪ ಆರುವ ತನಕ

ಅಂಗಿಯ ಕಾಲರನ್ನು ಸೂಜಿಯ ಕೆಳಗೆ ಮೆಲ್ಲನೆ ತಿರುಗಿಸುತ್ತಿದ್ದ ಟೈಲರ್ ತಲೆಯೆತ್ತಿದಾಗ ಅಂಗಡಿಯ ಬಾಗಿಲಲ್ಲಿ ಸಂಗೀತದ ಟೀಚರ್ ನಿಂತಿದ್ದರು. ಅವನ ಹೆಂಡತಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದ ಶಾಲೆಯಲ್ಲೇ ಅವರೂ ಇದ್ದರು. ಅವರ ಕೈಯಲ್ಲಿ ಹೆಂಡತಿಯ ಚಪ್ಪಲಿಗಳಿದ್ದವು.

“ಪಾಠ ಮಾಡ್ತಾ ಮಾಡ್ತಾನೇ ಕುಸಿದ್ರು ಅಣ್ಣಾ. ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಆದ್ರೆ…” ಅವರು ಚಪ್ಪಲಿಗಳನ್ನು ಹೊಸ್ತಿಲ ಪಕ್ಕ ಜೋಡಿಸಿಟ್ಟರು.

ಟೈಲರ್ ಪೆಡಲ್ ತುಳಿದು ಕಾಲರನ್ನು ಕೊನೆಯವರೆಗೂ ಹೊಲಿದ. ದಾರ ಕತ್ತರಿಸಿದ. ಆಮೇಲೆ ಕೇಳಿದ: “ಬರಿಗಾಲಲ್ಲೇ ಹೋದ್ಲಾ?”

*

ಮರುದಿನ ಬೆಳಿಗ್ಗೆ ಅವಳನ್ನು ಹೊರಗಿನ ಕೋಣೆಯಲ್ಲಿ ಮಲಗಿಸಿದ್ದರು. ಅಕ್ಕಪಕ್ಕದವರು ಬಂದು, ಗೋಡೆಗೆ ಒರಗಿ, ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಟೈಲರ್ ಮಾತ್ರ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದ. ಎದುರಿಗೆ, ಪಾಠದ ಸದ್ದುಗಳನ್ನು ಅವಳು ಹಿಡಿದಿಡುತ್ತಿದ್ದ ಪುಟ್ಟ ರೆಕಾರ್ಡರ್ ಇತ್ತು. ಒಂದು ಸದ್ದು ಕೇಳುವನು, ನಿಲ್ಲಿಸುವನು, ಮುಂದಿನದಕ್ಕೆ ಹೋಗುವನು.

ಹೆಂಡತಿಯ ಅಣ್ಣ ಬಾಗಿಲಿಗೆ ಬಂದರು. ದೈವಭಕ್ತರು. ಸಂಜೆ ಮಣ್ಣು ಮಾಡುವಾಗ ಪ್ರಾರ್ಥನೆ ಹೇಳಬೇಕಾದವರು ಅವರೇ. ಅವರ ಪ್ರಾರ್ಥನೆ ಉದ್ದ ಎಂಬುದು ಬಂಧುಬಳಗಕ್ಕೆಲ್ಲ ಗೊತ್ತಿದ್ದ ಸಂಗತಿ.

“ಏನಪ್ಪಾ ಇದು? ಅವಳು ಹೊರಗೆ ಮಲಗಿದಾಳೆ, ನೀನಿಲ್ಲಿ ಕೂತು ಮಳೆ ಕೇಳ್ತಿದೀಯಾ?”

“ಮಳೆಯಲ್ಲ ಭಾವ. ತಟ್ಟೇಲಿ ಕಾಳು ಉರುಳಿಸಿದ್ದು.”

“ಯಾವುದೋ ಒಂದು. ಬಂದೋರು ಏನಂದ್ಕೋತಾರೆ?”

“ಅವಳ ದನಿ ಹುಡುಕ್ತಿದೀನಿ ಭಾವ. ಒಂದೇ ಒಂದು ಮಾತು ಸಿಕ್ಕಿದ್ರೂ ಸಾಕು. ಇಷ್ಟು ವರ್ಷದ್ದು ಇದರಲ್ಲಿದೆ, ಎಲ್ಲೂ ಬಾಯಿಬಿಟ್ಟಿಲ್ಲ ಮಹಾರಾಯ್ತಿ.”

“ಫೋನಲ್ಲಿ ಇರಲ್ವಾ?”

“ಮನೇಲಿ ದಿನಾ ಕೇಳೋ ದನೀನ ಯಾರು ಹಿಡಿದಿಡ್ತಾರೆ?” ಟೈಲರ್ ಬೆರಳಿನಿಂದ ಮೇಜನ್ನು ಉಜ್ಜಿದ. “ನಮ್ಮಮ್ಮನ ಮುಖ ಈಗ್ಲೂ ಕಣ್ಮುಂದೆ ಇದೆ ಭಾವ. ದನಿ ಹೋಗಿಬಿಟ್ಟಿದೆ. ಎಷ್ಟು ತಡಕಾಡಿದ್ರೂ ಸಿಗಲ್ಲ. ಇವಳದ್ದೂ ಹಾಗೇ ಆಗೋಗುತ್ತೆ.”

ಭಾವ ಬಾಗಿಲನ್ನು ಅರ್ಧ ಮುಂದೆ ಮಾಡಿ ಹೋದರು.

*

ಅವಳ ಪಾಠ ನಡೆಯುತ್ತಿದ್ದುದು ಹೀಗೆ. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಜಮಖಾನದ ಮೇಲೆ ಕೂರಬೇಕು. ಗೋಡೆಗೆ ಒಂದು ದೊಡ್ಡ ಚಿತ್ರ. ಕೆರೆ, ಕೆರೆಯಲ್ಲಿ ದೋಣಿ, ದೋಣಿಯಲ್ಲಿ ಮಲಗಿದ ಮುದುಕ.

“ನೀವು ಈ ಚಿತ್ರದ ಒಳಗೇ ನಿಂತಿದ್ರೆ ಏನೇನು ಕೇಳಿಸುತ್ತೆ?”

“ನೀರು!” ಬಕೆಟ್ಟಿನಲ್ಲಿ ಕೈಯಾಡಿಸಲು ಒಬ್ಬ.

“ಹಕ್ಕಿ ರೆಕ್ಕೆ!” ಕೊಡೆಯನ್ನು ಬಿಚ್ಚಿ ಮುಚ್ಚಲು ಇನ್ನೊಬ್ಬಳು.

“ತಾತ ನಿದ್ದೆ ಮಾಡ್ತಿದಾರಲ್ಲ ಟೀಚರ್, ಗೊರಕೆ ಬೇಡ್ವಾ?”

“ಬೇಕೇ ಬೇಕು. ಯಾರು ಗೊರಕೆ ಹೊಡೀತೀರಾ?”

ಎಲ್ಲರ ಕೈಯೂ ಮೇಲೆದ್ದಿತು.

ಆಮೇಲೆ ಅವಳು ರೆಕಾರ್ಡರಿನ ಗುಂಡಿ ಒತ್ತುವಳು. ಕೆಂಪು ದೀಪ ಹತ್ತಿತೆಂದರೆ ಅವಳ ಬಾಯಿ ಮುಚ್ಚಿತು. ಯಾರ ಸರದಿಯೋ ಅವರತ್ತ ಬೆರಳು ಮಾತ್ರ ತೋರಿಸುವಳು. “ದೊಡ್ಡವರ ದನಿ ಒಂದ್ಸಲ ಒಳಗೆ ಬಂತು ಅಂದ್ರೆ ಮಕ್ಕಳು ಚಿತ್ರ ಬಿಟ್ಟು ನಮ್ಮ ಮುಖ ನೋಡ್ತಾರೆ ಕಣ್ರೀ,” ಎಂದು ಗಂಡನಿಗೆ ಹೇಳಿದ್ದಳು.

ಒಮ್ಮೆ ರೈಲಿನ ಚಿತ್ರಕ್ಕೆಂದು ಮಕ್ಕಳನ್ನೆಲ್ಲ ಅವನ ಅಂಗಡಿಗೇ ಕರೆತಂದಳು. ಅವನು ಹೊಲಿಗೆಯ ಯಂತ್ರವನ್ನು ಮೊದಲು ನಿಧಾನಕ್ಕೆ ತುಳಿದ, ಆಮೇಲೆ ಜೋರಾಗಿ. ರೈಲು ಹೊರಟಿತು. ಅಷ್ಟರಲ್ಲಿ ಒಂದು ಪುಟ್ಟ ಕೈ ಮುಂದೆ ಬಂದದ್ದು ಕಂಡು, “ಏಯ್, ಸೂಜಿ ಹತ್ರ ಬೆರಳು ತರಬೇಡ್ರೋ!” ಎಂದು ಕೂಗಿಬಿಟ್ಟ. ಕೆಟ್ಟಿತು, ಇನ್ನು ಬೈಸಿಕೊಳ್ಳಬೇಕು ಅಂದುಕೊಂಡ. ಮಕ್ಕಳು ಆ ಕೂಗನ್ನು ಅಳಿಸಲು ಬಿಡಲೇ ಇಲ್ಲ. ರೈಲಿನಲ್ಲಿ ಗಾರ್ಡ್ ಇರಬೇಡವೇ ಎಂದು ಹಟ ಹಿಡಿದರು.

“ನನ್ನ ಕ್ಲಾಸಲ್ಲಿ ಮಾತಾಡೀನೂ ಪಾಸಾದ ದೊಡ್ಡೋರು ನೀವೊಬ್ಬರೇ,” ಎಂದು ಅವಳು ಆ ರಾತ್ರಿ ಊಟದ ತನಕ ನಕ್ಕಳು.

ಹೀಗೆ ಅವನ ಕೂಗು ಆ ರೆಕಾರ್ಡರಿನಲ್ಲಿ ಭದ್ರವಾಗಿತ್ತು. ಅವಳದೇ ಇರಲಿಲ್ಲ.

*

ಮಧ್ಯಾಹ್ನ ಸಂಗೀತದ ಟೀಚರ್ ಮಕ್ಕಳನ್ನು ಕರೆದುಕೊಂಡು ಬಂದರು. ಮಕ್ಕಳು ಹೂವಿಟ್ಟು, ಏನು ಮಾಡಬೇಕೆಂದು ತಿಳಿಯದೆ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು.

“ಸಿಗಲ್ಲ ಅಣ್ಣಾ,” ಎಂದರು ಟೀಚರ್, ಅವಳ ದನಿ ಎಲ್ಲಾದರೂ ಇದೆಯೇ ಎಂಬ ಟೈಲರನ ಪ್ರಶ್ನೆಗೆ. “ದೀಪ ಹತ್ತಿದ್ರೆ ಅವರು ಕಲ್ಲು. ಸುಮ್ನೆ ಹುಡುಕಿ ಸಂಕಟಪಡಬೇಡಿ.”

ಎಲ್ಲರೂ ‘ವಟವಟ’ ಎಂದು ಕರೆಯುವ ಹುಡುಗಿ ಮೇಜಿನ ಬಳಿ ಬಂದು ನಿಂತಿದ್ದಳು. “ಟೀಚರ್ ಇದಾರಲ್ಲ,” ಎಂದಳು.

“ಎಲ್ಲಿದಾರಮ್ಮಾ?”

“ಕೊನೇಲಿ. ನೀವು ಬೇಗ ಬೇಗ ಆಫ್ ಮಾಡ್ತೀರ ಅಂಕಲ್. ತಡೀರಿ.”

ಅವಳು ಕೆರೆಯ ಚಿತ್ರದ್ದನ್ನು ಹಾಕಿದಳು. ನೀರು ತುಳುಕಿತು. ಕೊಡೆ ಪಟಪಟ ಎಂದಿತು. ಮಕ್ಕಳೆಲ್ಲ ಸೇರಿ ಗೊರಕೆ ಹೊಡೆದರು. ಸದ್ದುಗಳು ಒಂದೊಂದಾಗಿ ಅಡಗಿದವು. ಅಭ್ಯಾಸಬಲದಿಂದ ಟೈಲರನ ಬೆರಳು ಗುಂಡಿಯತ್ತ ಹೋಯಿತು. ಹುಡುಗಿ ಅದನ್ನು ಹಿಡಿದುಕೊಂಡಳು.

ಏನೂ ಇಲ್ಲ. ಏನೂ ಇಲ್ಲ. ಆಮೇಲೆ, ಬಹಳ ಹತ್ತಿರದಲ್ಲಿ, ಒಂದು ಉಸಿರು ಹೊರಬಂತು. ಉದ್ದನೆಯ ಉಸಿರು, ಕೊನೆಯಲ್ಲಿ ಎಳೆಯಷ್ಟು ನಗು ಸೇರಿತ್ತು. ಟಕ್ ಎಂದು ಗುಂಡಿ ಒತ್ತಿದ ಸದ್ದು.

“ಟೀಚರ್ ಉಸಿರು ಬಿಗಿಹಿಡ್ಕೊಂಡೇ ಇರ್ತಿದ್ರು,” ಎಂದಳು ಹುಡುಗಿ. “ಅವರು ಬಿಟ್ರೆ ಮುಗೀತು ಅಂತ. ಆಮೇಲೆ ನಾವು ಮಾತಾಡಬಹುದು. ಎಲ್ಲದ್ರಲ್ಲೂ ಇದೆ.”

ಟೈಲರ್ ಅಲುಗಲಿಲ್ಲ. ದಿನದ ಕೆಲಸವೆಲ್ಲ ಮುಗಿಸಿ, ಹಾಸಿಗೆಯ ಅಂಚಿನಲ್ಲಿ ಕುಳಿತು ಕೂದಲಿನ ಪಿನ್ನು ತೆಗೆಯುತ್ತ ಅವಳು ಬಿಡುತ್ತಿದ್ದುದು ಇದೇ ಉಸಿರು.

“ಹೂಂ,” ಎಂದ. “ಇವಳೇ.”

ಅರ್ಧ ಮುಚ್ಚಿದ ಬಾಗಿಲಲ್ಲಿ ಭಾವ ಯಾವಾಗ ಬಂದು ನಿಂತಿದ್ದರೋ ಯಾರೂ ನೋಡಿರಲಿಲ್ಲ. ಅವರು ಒಳಗೆ ಬಂದು, ಕುರ್ಚಿ ಎಳೆದುಕೊಂಡು, ಕಿವಿಯನ್ನು ಮೇಜಿನ ಹತ್ತಿರ ತಂದರು.

“ಇನ್ನೊಂದ್ಸಲ ಹಾಕು ಮಗಾ,” ಎಂದರು. “ನಂಗೆ ಸ್ವಲ್ಪ ಕಿವಿ ಮಂದ.”

*

ಸಂಜೆ ಅವಳ ಶವಪೆಟ್ಟಿಗೆಯನ್ನು ಮಣ್ಣಿಗಿಳಿಸಿದರು. ಜನ ಸುತ್ತ ನೆರೆದರು. ಭಾವ ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದು ಕೈ ಜೋಡಿಸಿದರು. ತಂಗಿಯ ಹುಟ್ಟಿನಿಂದ ಹಿಡಿದು ಹೇಳಬೇಕಾದದ್ದನ್ನೆಲ್ಲ ಅವರು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದರು.

ಬಾಯಿ ತೆರೆಯುವ ಮುನ್ನ ಒಮ್ಮೆ ಸುತ್ತ ನೋಡಿದರು. ಎದುರಿಗೇ ಮಕ್ಕಳ ಸಾಲು. ಯಾರು ಹೇಳಿಕೊಟ್ಟರೋ, ಒಬ್ಬರೂ ಉಸಿರಾಡುತ್ತಿರಲಿಲ್ಲ. ಕೆನ್ನೆ ಉಬ್ಬಿಸಿ, ತುಟಿ ಬಿಗಿದು, ಇವರ ಬಾಯನ್ನೇ ನೋಡುತ್ತ ನಿಂತಿದ್ದರು. ‘ವಟವಟ’ ಹುಡುಗಿಯ ಮುಖ ಆಗಲೇ ಕೆಂಪಾಗಿತ್ತು. ಪಕ್ಕದಲ್ಲಿ ಟೈಲರ್ ಕೂಡ ತುಟಿ ಬಿಗಿದಿದ್ದ.

ಭಾವ ಜೋಡಿಸಿ ತಂದದ್ದನ್ನೆಲ್ಲ ಬದಿಗಿಟ್ಟರು. ಕಣ್ಣು ಮುಚ್ಚಿ, ಬೇಗ ಬೇಗ ಹೇಳಿದರು:

“ದೇವರೇ, ನಮ್ಮ ಹುಡುಗಿ ಬರ್ತಿದಾಳೆ. ನಿನ್ನ ಹತ್ತಿರ ಕೂರಿಸ್ಕೋ. ಅವಳ ಜೀವಕ್ಕೆ ನೆಮ್ಮದಿ ಕೊಡು, ತಂದೆ.”