ಒಂದು ಗೇಣು ಮೇಲೆ

ನೊಣ ಮತ್ತೆ ಬಂದು ಅದೇ ರೆಪ್ಪೆಯ ಮೇಲೆ ಕೂತಿತು, ಓಡಿಸಿದರೆ ಹೋಗುತ್ತದೆ, ಕೈ ತೆಗೆದರೆ ಬರುತ್ತದೆ, ಇದರ ಹಟ ನೋಡಿದರೆ ನಮ್ಮ ಕುಲದ್ದೇ ಇರಬೇಕು — ಆನೆಯ ಕಿವಿಯನ್ನೇ ಮಡಚಿ ಅದರ ಕಣ್ಣಿಗೆ ಹೊದಿಸಿದೆ, ಬಿಸಿಲೂ ತಾಗದಿರಲಿ ಅಂತ, ನೊಣ ಕಿವಿಯಡಿಗೂ ನುಗ್ಗಿತು, ಹಾಳಾಗಿ ಹೋಗು, ಈಗ ನಾನು ನೋಡಬೇಕಾದದ್ದು ಕಣ್ಣಲ್ಲ, ಸೊಂಡಿಲಿನ ತುದಿ, ಅದು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಟ್ಟ ಕಡ್ಡಿ, ಕಡ್ಡಿಯ ಹಿಂದಿನಿಂದ ಬರುವ ಉಸಿರು — ಬಂತು, ಮೊಣಕೈಗೆ ಬಿಸಿಯಾಗಿ ತಾಗಿತು, ಹುಲ್ಲಿನ ವಾಸನೆ, ಅದರೊಳಗೆ ಕೀವಿನ ವಾಸನೆ — ಎಣಿಸು ಸಿಮಾಂಟೋಯ್, ನನಗೆ ನಾನೇ ಹೇಳಿಕೊಂಡೆ, ಒಂದು ಎರಡು ಮೂರು, ಹನ್ನೆರಡಕ್ಕೆ ಇನ್ನೊಂದು ಬರಬೇಕು, ಹದಿನೈದಾದರೂ ಪರವಾಗಿಲ್ಲ, ಇಪ್ಪತ್ತು ದಾಟಿದರೆ ಕಷ್ಟ, ಬೆನ್ನ ಹಿಂದೆ ಅಭಯಾರಣ್ಯದ ವಾರ್ಡನ್ ರೋಟಿಚ್‌ನ ಬೂಟು ಕರಕರ ಅನ್ನುತ್ತಿದೆ, ನನ್ನ ಬಂದೂಕು ಡಾರ್ಟ್ ಹೊಡೆದು ನಿದ್ದೆ ಬರಿಸುವಂಥದ್ದು, ಅವನದು ಮುಗಿಸುವಂಥದ್ದು, ಡಾಕ್ಟ್ರೇ, ಅರ್ಧ ಗಂಟೆ ಕೊಡ್ತೀನಿ, ಮುದಿ ಆನೆ, ಭುಜ ಕೊಳ್ತು ನಾರ್ತಿದೆ, ನೋವಿನ ಹುಚ್ಚಲ್ಲಿ ನಾಳೆ ಯಾರನ್ನಾದ್ರೂ ತುಳಿದ್ರೆ ನೀವು ಉತ್ತರ ಕೊಡ್ತೀರಾ, ಕೊಡ್ತೀನಿ ಅಂದೆ, ಏನು ಯೋಚಿಸಿ ಅಂದೆನೋ, ನನ್ನ ಬಾಯಿ ನನಗಿಂತ ಮುಂಚೆ ಹುಟ್ಟಿದ್ದು — ಹದಿಮೂರು, ಬಂತು. ಇನ್ನು ಹದಿನೆಂಟು ನಿಮಿಷ ಉಳಿದಿದೆ.

ಶುರುವಿನಲ್ಲೇ ಎಡವಟ್ಟಾಯಿತು, ಡಾರ್ಟ್ ತಾಗಿದ ಮೇಲೆ ಪಕ್ಕಕ್ಕೆ ಬೀಳಬೇಕಾದವಳು ಎದೆ ಕೆಳಗಾಗಿ ಕುಸಿದು ಕೂತುಬಿಟ್ಟಳು, ನೋಡುವವರಿಗೆ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದಾಳೆ ಅನ್ನಿಸಬೇಕು, ನನಗೆ ಗೊತ್ತು, ಆನೆ ತನ್ನ ಭಾರಕ್ಕೆ ತಾನೇ ಉಸಿರುಕಟ್ಟಿ ಸಾಯುವುದು ಹೀಗೇ, ಹತ್ತು ನಿಮಿಷ ಸಾಕು, ಹಗ್ಗ, ಮುಸೆಂಬಿ, ಹಗ್ಗ — ಹನ್ನೊಂದು ವರ್ಷದಿಂದ ನನ್ನ ಆಸ್ಪತ್ರೆ ಗಾಡಿ ಓಡಿಸುವ ಮುಸೆಂಬಿಗೆ ಹೇಳುವುದೇ ಬೇಡ, ದಂತಕ್ಕೆ ಹಗ್ಗ ಬಿಗಿದು ಗಾಡಿಗೆ ಕಟ್ಟಿ ಆಗಿತ್ತು, ಗಾಡಿ ಎಳೆಯಿತು, ಜೌಗು ಮಣ್ಣಿನಲ್ಲಿ ಚಕ್ರ ಇದ್ದಲ್ಲೇ ಗಿರಗಿರ ತಿರುಗಿತು, ಅತ್ತ ಜಾಲಿ ಮರದಡಿ ಕೆಂಪು ಹೊದಿಕೆಯ ಗಂಡಸರು ಕೋಲಿಗೆ ಒರಗಿ ಒಂಟಿಕಾಲಲ್ಲಿ ನಿಂತಿದ್ದಾರೆ, ಸೀಳುಕಿವಿ, ಈ ಆನೆಗೆ ನಾವಿಟ್ಟ ಹೆಸರು, ಅವಳು ಸಾಯುವುದನ್ನು ಕಣ್ಣಾರೆ ನೋಡಲು ಬಂದವರು, ಏನ್ ನೋಡ್ತಾ ನಿಂತಿದೀರಿ, ಹಗ್ಗ ಹಿಡೀರಿ, ತೋಳಲ್ಲಿ ಶಕ್ತಿ ಇಲ್ವಾ, ಹಿಡೀರಿ ಅಂತ ಕಿರುಚಿದೆ, ಅಪ್ಪನ ವಯಸ್ಸಿನವರಿಗೆ, ದನ ಕಾಯುವ ಮಸಾಯಿ ಹಿರಿಯರಿಗೆ, ಕಮ್ಮಾರನ ಮಗಳು ನಾನು — ಅವರು ಬಂದರು, ಅದೇ ಆಶ್ಚರ್ಯ, ಎಲ್ಲರಿಗಿಂತ ಮುಂದೆ ಸಾಂಕೌ ಬಂದ, ತಿಂಗಳ ಹಿಂದೆ ಇದೇ ಆನೆ ನೀರಿನ ತೊಟ್ಟಿಯ ಹತ್ತಿರ ಯಾರ ಎರಡು ಹಸುಗಳನ್ನು ತಿವಿದು ಕೊಂದಿತೋ ಆ ಸಾಂಕೌ, ಕೋಲನ್ನು ಕಂಕುಳಿಗೆ ಸಿಕ್ಕಿಸಿ ಹಗ್ಗವನ್ನು ಬರಿಗೈಗೆ ಸುತ್ತಿಕೊಂಡ, ಎಳೆದ, ಎಲ್ಲರೂ ಎಳೆದರು, ಗಾಡಿಯೂ ಎಳೆಯಿತು, ಬೆಟ್ಟ ವಾಲಿದ ಹಾಗೆ ವಾಲಿ ದೊಪ್ಪನೆ ಪಕ್ಕಕ್ಕೆ ಬಿದ್ದಳು, ನೆಲ ನಡುಗಿತು, ಎದೆ ಏರಿತು — ಹನ್ನೆರಡು, ಬಂತು. ಅವಳ ಮರಿ ಜೊಂಡಿನ ಆಚೆ ಒಂದೇ ಸಮನೆ ಅರಚುತ್ತಿದೆ.

ಹಗ್ಗ ಹಿಡಿದ ಆ ಕೈಯನ್ನು ನಾನು ಬಲ್ಲೆ, ಬೇರೆಲ್ಲ ಮರೆತೇನು, ಅದನ್ನು ಮರೆಯಲಾರೆ, ಶಾಲೆಯ ಮೊದಲ ದಿನ ನನಗೆ ಏಳು ವರ್ಷ, ನೀಲಿ ಲಂಗ, ಹೊಸ ಬೂಟು, ಒಂದು ಸೈಜು ದೊಡ್ಡದು, ಹಿರಿಯರು ಬಂದರೆ ಮಕ್ಕಳು ತಲೆ ಬಗ್ಗಿಸಬೇಕು, ಹಿರಿಯರು ನೆತ್ತಿ ಮುಟ್ಟಬೇಕು, ಅಷ್ಟೇ ನಮಸ್ಕಾರ, ಅಷ್ಟೇ ಆಶೀರ್ವಾದ, ಸಾಲಾಗಿ ನಿಂತಿದ್ದೆವು, ಸಾಂಕೌ ಒಂದೊಂದೇ ತಲೆ ಮುಟ್ಟುತ್ತ ಬಂದ, ತಾಮ್ರದ ಬಳೆಯ ಕೈ, ನಾನು ಎಲ್ಲರಿಗಿಂತ ಹೆಚ್ಚು ಬಗ್ಗಿ ನಿಂತೆ, ಕೈ ಬಂತು, ನಿಂತಿತು, ನೆತ್ತಿಗಿಂತ ಒಂದು ಗೇಣು ಮೇಲೆ, ನೆಲದಲ್ಲಿ ಅದರ ನೆರಳು ಕಾಣುತ್ತಿತ್ತು, ನನ್ನ ತಲೆಯ ನೆರಳು, ಮೇಲೆ ಆ ಕೈಯ ನೆರಳು, ನಡುವೆ ಒಂದು ಗೇಣು ಬಿಸಿಲು — ಯಾರ ಕೂಸು ಇದು, ಕಮ್ಮಾರರದಾ, ಅಂದ, ಬೈದದ್ದೇನೂ ಅಲ್ಲ, ಸುಮ್ಮನೆ ಕೇಳಿದ, ಕೈ ಮುಂದಿನ ತಲೆಗೆ ಹೋಯಿತು, ನಾನು ಬಗ್ಗಿದವಳು ಬಗ್ಗಿಯೇ ಇದ್ದೆ, ಯಾರೋ ಕಿಸಕ್ಕೆಂದು ನಕ್ಕರು. ಅವತ್ತಿನಿಂದ ನಾನು ಯಾರಿಗೂ ತಲೆ ಬಗ್ಗಿಸಿಲ್ಲ, ಬಗ್ಗಿಸುವುದೂ ಇಲ್ಲ.

ಇಲ್‌ಕುನೋನೊ ಅನ್ನುತ್ತಾರೆ ನಮಗೆ, ಕಮ್ಮಾರರು, ಈಟಿ ನಮ್ಮದೇ ಬೇಕು, ಕತ್ತಿ ನಮ್ಮದೇ ಬೇಕು, ಹಸುವಿನ ಕೊರಳ ಗಂಟೆ ನಮ್ಮದೇ ಬೇಕು, ಕೈ ಮಾತ್ರ ಬೇಡ, ಅಪ್ಪ ಮಾಡಿದ ಈಟಿ ಕೊಳ್ಳುವವರು ಮೊದಲು ಅಂಗೈಗೆ ಕೊಬ್ಬು ಸವರಿಕೊಂಡು ಆಮೇಲೆ ಹಿಡಿಯುತ್ತಾರೆ, ಮೈಲಿಗೆ ಅಂಟದಿರಲಿ ಅಂತ, ಅಪ್ಪ ನಗುತ್ತ ನೋಡುತ್ತಿದ್ದ, ಯಾಕಪ್ಪಾ ನಗ್ತೀಯಾ, ಮತ್ತೇನು ಅಳ್ಲಾ ಮಗಳೇ — ಈಗ ನನ್ನ ಕೈ ಎಲ್ಲಿದೆ ನೋಡು ಅಪ್ಪಾ, ಉದ್ದ ಗವಸಿನೊಳಗೆ, ಸೀಳುಕಿವಿಯ ಭುಜದೊಳಗೆ, ಮಣಿಕಟ್ಟು ಮುಳುಗಿದೆ, ಕೀವು ಬಿಸಿಯಾಗಿ ಮೊಣಕೈವರೆಗೆ ಇಳಿಯುತ್ತಿದೆ, ಮುಸೆಂಬಿ ನೀರು ಹುಯ್ಯಿ, ಕಿವಿ ಮೇಲೂ ಹುಯ್ಯಿ, ಮೈ ಕಾಯ್ತಿದೆ, ಹುಯ್ತಾ ಇದೀನಿ ಡಾಕ್ಟ್ರೇ, ನಂಗೇನು ನಾಲ್ಕು ಕೈ ಇದಾವಾ — ಬೆರಳಿಗೆ ಗಟ್ಟಿಯಾದದ್ದೇನೋ ತಗುಲಿತು, ಮೂಳೆ ಅಲ್ಲ, ಮೂಳೆಗೆ ಈ ಅಂಚು ಇರುವುದಿಲ್ಲ, ಕಬ್ಬಿಣ ನನಗೆ ಕಣ್ಣು ಮುಚ್ಚಿಕೊಂಡೂ ಗೊತ್ತಾಗುತ್ತದೆ, ಹುಟ್ಟಿದ್ದೇ ಅದರ ಸದ್ದಿನಲ್ಲಿ, ಇಕ್ಕಳ ಕೊಡು, ಹಿಡಿದೆ, ಜಾರಿತು, ಹಿಡಿದೆ, ಎಳೆದೆ, ಕಾಲು ಊರಿ ಎಳೆದೆ, ಬಂತು, ಹಿಡಿಯ ಮರ ಮುರಿದುಹೋದ ಈಟಿಯ ಅಲಗು, ಕತ್ತಿನ ಸಮೇತ, ಸರಿಯಾಗಿ ಒಂದು ಗೇಣು.

ನೀರು ಹಾಕಿ ತೊಳೆದೆ, ತೊಳೆಯಬಾರದಿತ್ತು ಅನ್ನಿಸಿತು, ಕತ್ತಿನ ಹತ್ತಿರ ಅರದಲ್ಲಿ ಎಳೆದ ಎರಡು ಓರೆ ಗೀಟು, ಅಪ್ಪನ ಗುರುತು, ಲೋಕದಲ್ಲಿ ಹಾಗೆ ಗೀಟು ಎಳೆಯುವವನು ಅವನೊಬ್ಬನೇ, ಎಡಗೈಯವನಲ್ಲವೇ, ಓರೆ ಉಲ್ಟಾ ಬರುತ್ತದೆ — ಅಷ್ಟಕ್ಕೇ ಮುಗಿಯಲಿಲ್ಲ, ಮುಸೆಂಬಿ ಬಗ್ಗಿ ನೋಡಿದ, ಇನ್ನೂ ಬಗ್ಗಿದ, ಡಾಕ್ಟ್ರೇ, ಇದು ನಮ್ ಗಾಡಿದು, ಏನು, ನಮ್ ಗಾಡಿದು ಅಂದ್ರೆ ನಮ್ ಗಾಡಿದೇ, ಈ ಮೂರು ಚುಕ್ಕೆ ನೋಡಿ, ನಾನೇ ಉಳಿಯಲ್ಲಿ ಹೊಡ್ದಿದ್ದು, ಗ್ಯಾರೇಜಿನ ಕಳ್ ನನ್ಮಕ್ಳು ಸಾಮಾನು ಬದಲಾಯಿಸ್ತಾರೆ ಅಂತ ಎಲ್ಲಾದಕ್ಕೂ ಹೊಡ್ದಿಡ್ತೀನಲ್ಲ, ಹೋದ್ ವರ್ಷ ಮುರೀತಲ್ಲ ಹಿಂದಿನ್ ಚಕ್ರದ ಕಮಾನ್ ಪಟ್ಟಿ — ಸುಮ್ಮನಿರು ಮುಸೆಂಬಿ, ಸುಮ್ಮನಿರು, ನನಗೆ ಗೊತ್ತಾಯಿತು, ಆ ಪಟ್ಟಿಯನ್ನು ಅಪ್ಪನಿಗೆ ಕೊಂಡುಹೋಗಿ ಕೊಟ್ಟವಳು ನಾನೇ, ಒಳ್ಳೆಯ ಉಕ್ಕು ಗುಜರಿಗೆ ಯಾಕೆ ಹೋಗಬೇಕು ಅಂತ, ಅಪ್ಪಾ ಇದರಲ್ಲಿ ಗಂಟೆ ಮಾಡು, ಚಾಕು ಮಾಡು, ಈಟಿ ಬೇಡ, ಆಯ್ತಾ, ಆಯ್ತು ಮಗಳೇ, ನಿನ್ನಾಣೆ, ನನ್ನ ತಲೆಯ ಮೇಲೆ ಕೈ ಇಟ್ಟು ಹೇಳಿದ್ದ, ಅವನೊಬ್ಬನೇ ನನ್ನ ತಲೆ ಮುಟ್ಟುವವನು.

ಎಣಿಸಲು ಮರೆತೆ, ಎಷ್ಟಾಯಿತು, ಕಡ್ಡಿಯ ಹತ್ತಿರ ಅಂಗೈ ಹಿಡಿದೆ, ಬಾ, ಬಾ ತಾಯಿ — ಬಂತು, ನಿಧಾನವಾಗಿ ಬಂತು, ಈ ಸಲ ತಡವಾಯಿತು, ಬೇಗ ತೊಳೆ, ಬೇಗ — ಯಾಕೆ ಮಾಡಿದ ಅಪ್ಪ, ಅವನು ಅಂಥವನಲ್ಲ — ಹೋದ ತಿಂಗಳ ಫೋನು, ಕುಲುಮೆಯ ಪಕ್ಕದಿಂದಲೇ, ತಿದಿಯ ಉಸ್ಸುಸ್ಸು ಕೇಳುತ್ತಿತ್ತು, ಮಗಳೇ, ಇವತ್ತು ಯಾರು ಬಂದಿದ್ರು ಹೇಳು ನೋಡೋಣ, ಸಾಂಕೌ ಬಂದಿದ್ರು, ಸಾಂಕೌ, ನಮ್ಮನೇಗೆ, ಒಳಗ್ ಬಂದು ಕೂತ್ರು, ನಿಮ್ಮಮ್ಮ ಚಹಾ ಮಾಡಿದ್ಲು, ಕುಡುದ್ರು, ನಮ್ ಲೋಟದಲ್ಲೇ, ಪೂರ್ತಿ ಕುಡುದ್ರು, ಎಪ್ಪತ್ತರ ಮುದುಕ ನಮ್ಮಪ್ಪ ಹಬ್ಬಕ್ಕೆ ಬಟ್ಟೆ ಸಿಕ್ಕ ಹುಡುಗನ ಹಾಗೆ ನಗುತ್ತಿದ್ದ, ನಾನು ಒಂದು ಜೀಬ್ರಾ ಮರಿಯ ಕಾಲಿಗೆ ಹೊಲಿಗೆ ಹಾಕುತ್ತಿದ್ದೆ, ಉರುಳಿಗೆ ಸಿಕ್ಕಿದ್ದು — ಹೌದಾ ಅಪ್ಪಾ, ಒಳ್ಳೇದಾಯ್ತು ಅಂದು ಫೋನು ಇಟ್ಟೆ, ಯಾಕೆ ಬಂದಿದ್ದರು ಅಂತ ಕೇಳಲಿಲ್ಲ, ಕೇಳಬೇಕಿತ್ತು, ಒಂದು ಲೋಟ ಚಹಾ, ಎಪ್ಪತ್ತು ವರ್ಷ ಕಾದವನಿಗೆ ಒಂದು ಲೋಟ ಚಹಾ ಸಾಕಾಯಿತು, ಈಟಿ ಬಡಿದುಕೊಟ್ಟ, ಆಣೆ ಮರೆತ, ಮರೆಯಲಿಲ್ಲ, ನುಂಗಿಕೊಂಡ, ಅಯ್ಯೋ ಅಪ್ಪಾ, ನಿನ್ನನ್ನು ಬಯ್ಯಲೋ ತಬ್ಬಿಕೊಳ್ಳಲೋ, ಈಗ ಎರಡಕ್ಕೂ ಹೊತ್ತಿಲ್ಲ, ಹಸಿರು ಜೇಡಿಮಣ್ಣು ಕಲಸು ಮುಸೆಂಬಿ, ಕೀವು ಹೀರುವ ಹಾಗೆ ಗಾಯದ ತಳದವರೆಗೂ ತುಂಬಬೇಕು. ಮುಸೆಂಬಿ ನನ್ನ ಮುಖ ನೋಡದೆ ಮಣ್ಣು ಕಲಸಿದ.

ಬೂಟು ಹತ್ತಿರ ಬಂತು, ಕೊಡಿ ಇಲ್ಲಿ ಅದನ್ನ, ರೋಟಿಚ್ ಕೈ ಚಾಚಿದ, ಯಾರ ಗುರುತಿದು, ನಿಮ್ ಜನಕ್ಕೆ ಗೊತ್ತಿರುತ್ತಲ್ಲ, ನಿಮ್ ಜನ, ಅಂದರೆ ಯಾರು, ಮಸಾಯಿಗಳ ಲೆಕ್ಕಕ್ಕೆ ನಾನು ಮಸಾಯಿ ಅಲ್ಲ, ವಾರ್ಡನ್ ಲೆಕ್ಕಕ್ಕೆ ಪೂರ್ತಿ ಮಸಾಯಿ — ಮುಸೆಂಬಿ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಾನೆ, ಗೊತ್ತಿಲ್ಲ ಅನ್ನಿ ಡಾಕ್ಟ್ರೇ, ಗೊತ್ತಿಲ್ಲ ಅಂದರೆ ಮುಗಿಯಿತು, ಇಲಾಖೆ ಕಿತ್ತುಕೊಳ್ಳದೆ ಗಾಡಿ ಉಳಿಯಿತು, ಜೈಲು ತಪ್ಪಿ ಅಪ್ಪ ಉಳಿದ, ಅಂದರೆ ನಾಳೆ ಇನ್ನೊಂದು ಲೋಟ ಚಹಾ, ಇನ್ನೊಂದು ಈಟಿ — ಕಬ್ಬಿಣ ನನ್ನ ಗಾಡಿದು, ಕೊಟ್ಟವಳು ನಾನು, ಬಡಿದವನು ನಮ್ಮಪ್ಪ, ಬರ್ಕೊಳ್ಳಿ, ಎಲ್ಲರಿಗೂ ಕೇಳುವ ಹಾಗೇ ಅಂದೆ, ಎಸೆದವರ್ಯಾರು ಅಂತ ಕಮ್ಮಾರನ್ನ ಕೇಳ್ಬೇಡಿ, ಅಲ್ಲಿ ನಿಂತವ್ರನ್ನ ಕೇಳಿ — ಜಾಲಿ ಮರದಡಿಯಿಂದ ಸಾಂಕೌ ಮುಂದೆ ಬಂದ, ನಾನೇ ಎಸ್ದಿದ್ದು, ಮುಚ್ಚುಮರೆ ಏನು, ಬರ್ಕೋ, ನನ್ನೆರಡು ಹಸು ಕರುಳು ಕಿತ್ತು ಬಿದ್ದಾಗ ಯಾವ ಗಾಡೀನೂ ಬರ್ಲಿಲ್ಲ, ಯಾವ ಡಾಕ್ಟ್ರೂ ಬರ್ಲಿಲ್ಲ, ಆನೆಗಾದ್ರೆ ಓಡ್ಬರ್ತೀರಿ — ನಿಜ, ಬರಲಿಲ್ಲ, ಅದು ನಿಜ, ಬರಬೇಕಿತ್ತು ಯಜಮಾನ್ರೇ ಅಂದೆ, ಅದಕ್ಕೆ ತಪ್ಪು ಒಪ್ಕೋತೀನಿ, ಆದ್ರೆ ಅದನ್ನ ಹೇಳೋಕೆ ನಮ್ಮನೇಲಿ ಚಹಾ ಕುಡೀಬೇಕಿತ್ತಾ — ರೋಟಿಚ್ ಕೇಳಿದ, ಈಟಿ ಎಸ್ದೋನು ಹಗ್ಗ ಯಾಕೆ ಎಳ್ದೆ, ಸಾಂಕೌ ನನ್ನ ಕಡೆ ಗಲ್ಲ ತೋರಿಸಿದ, ಇವ್ಳು ಕೂಗಿದ್ಲು, ಎಳ್ದೆ. ಮುಸೆಂಬಿಗೆ ನಗು ತಡೆಯಲಾಗಲಿಲ್ಲ.

ಅರ್ಧ ಗಂಟೆ ಆಯ್ತು ಡಾಕ್ಟ್ರೇ, ಸರೀರಿ — ಸರಿಯೋಲ್ಲ, ಕೈ ತುಂಬ ಜೇಡಿಮಣ್ಣು, ಗಾಯದೊಳಗೆ ಒತ್ತುತ್ತಿದ್ದೇನೆ, ಬೆನ್ನು ತಿರುಗಿಸಿಯೇ ಇದ್ದೇನೆ, ಹೊಡೀಬೇಕಾದ್ರೆ ನನ್ನ ದಾಟ್ಕೊಂಡು ಹೊಡೀರಿ, ಉಸಿರು ನೋಡಿ, ಇನ್ನೂ ಬರ್ತಿದೆ, ಹದಿನೇಳು, ಹದಿನೆಂಟು, ಬಂತು, ನೋಡಿದ್ರಾ, ಅಪ್ಪನ ಕಬ್ಬಿಣ ಇವಳನ್ನು ಕೊಲ್ಲುವುದಿಲ್ಲ, ನನ್ನ ಕಬ್ಬಿಣ ಕೊಲ್ಲುವುದಿಲ್ಲ, ನಾನು ಬಿಡುವುದಿಲ್ಲ — ಕಡ್ಡಿ ತೆಗೆದೆ, ಎಲ್ಲರೂ ಗಾಡಿ ಹಿಂದಕ್ಕೆ ಹೋಗಿ, ಹೋಗಿ, ಕಿವಿಯ ಹಿಂದಿನ ನರಕ್ಕೆ ಎಚ್ಚರದ ಮದ್ದು ಚುಚ್ಚಿದೆ, ಓಡಿದೆ, ಬೂಟು ಜೌಗಿನಲ್ಲಿ ಕಚ್ಚಿಕೊಂಡಿತು, ಕಿತ್ತು ಓಡಿದೆ, ಗಾಡಿಗೆ ಒರಗಿ ನಿಂತೆ, ಒಂದು ನಿಮಿಷ, ಏನೂ ಇಲ್ಲ, ಎರಡು, ಕಿವಿ ಆಡಿತು, ತಲೆ ಎತ್ತಿದಳು, ಬಿತ್ತು, ರೋಟಿಚ್ ಬಂದೂಕು ಎತ್ತಿದ, ಎತ್ತಬೇಡ, ಮರಿ ಅರಚಿತು, ಮತ್ತೆ ತಲೆ ಎತ್ತಿದಳು, ಇಡೀ ಮೈಯನ್ನು ಒಮ್ಮೆ ಹಿಂದಕ್ಕೆ ಜೀಕಿ ಮುಂದಕ್ಕೆ ತಳ್ಳಿದಳು, ಮುಂಗಾಲು ಊರಿತು, ಗಾಯದ ಕಾಲು ನಡುಗಿತು, ಊರಿತು, ಎದ್ದಳು — ಎದ್ದಳು, ನನ್ನ ಸೀಳುಕಿವಿ ಎದ್ದಳು, ಭುಜದ ತುಂಬ ಹಸಿರು ಮಣ್ಣು, ಕುಂಟುತ್ತ ಜೊಂಡಿನ ಕಡೆ ಹೋದಳು, ಮರಿ ಹೊಟ್ಟೆಯಡಿಗೆ ನುಗ್ಗಿತು, ಬಂದೂಕು ಇಳಿಯಿತು, ನನ್ನ ಕಣ್ಣಲ್ಲಿ ನೀರು, ಇರಲಿ, ನೋಡಲಿ ಎಲ್ಲರೂ. ಗಾಡಿ ಹೋದರೆ ಹೋಗಲಿ, ನಡೆದುಕೊಂಡೇ ಬರುತ್ತೇನೆ.

ಮುಸೆಂಬಿ ಭುಜ ತಟ್ಟಿ ಅತ್ತ ತೋರಿಸಿದ, ಸಾಂಕೌನ ಕೋಲಿನ ಉದ್ದಕ್ಕೂ ರಕ್ತ ಇಳಿಯುತ್ತಿದೆ, ಹಗ್ಗ ಅಂಗೈಯ ಚರ್ಮ ಸುಲಿದಿದೆ, ಎಷ್ಟು ಹೊತ್ತಿನಿಂದಲೋ, ಕೈ ತೋರ್ಸಿ ಯಜಮಾನ್ರೇ, ಬೇಡ, ಬೂದಿ ಹಚ್ಕೋತೀನಿ, ಆ ಹಗ್ಗ ಎಷ್ಟು ಆನೆಗಳ ಕೀವು ಕಂಡಿದ್ಯೋ, ಬೂದಿ ಹಚ್ಚಿದ್ರೆ ಕೈ ಕೊಳ್ಯುತ್ತೆ, ಆ ಭುಜ ಕೊಳ್ತಿತ್ತಲ್ಲ ಹಾಗೇ — ಅವನು ನನ್ನನ್ನು ನೋಡಿದ, ಪೆಟ್ಟಿಗೆ ನೋಡಿದ, ಗವಸು ಹಾಕ್ಕೋ ಮತ್ತೆ, ಅಂದ, ಮೆಲ್ಲಗೆ, ಪೆಟ್ಟಿಗೆಯಲ್ಲಿ ಗವಸು ಇದೆ, ಮುಸೆಂಬಿಗೂ ಗೊತ್ತು, ಗವಸು ಮುಗೀತು ಅಂದೆ, ಸೋಪು ಹಾಕಿ ಮೊಣಕೈವರೆಗೆ ತೊಳೆದೆ, ಮತ್ತೆ ತೊಳೆದೆ, ಅಂಗೈ ಬಿಚ್ಚಿ ಮುಂದೆ ಹಿಡಿದೆ, ಕಮ್ಮಾರನ ಮಗಳ ಅಂಗೈ, ಬರಿಯದು, ಸೊಂಟದ ಎತ್ತರಕ್ಕೆ, ತಲೆ ನೆಟ್ಟಗೆ — ಅವನ ಕೈ ಎದ್ದಿತು, ಅದೇ ತಾಮ್ರದ ಬಳೆ, ಬಂತು, ನಿಂತಿತು, ನನ್ನ ಅಂಗೈಗಿಂತ ಒಂದು ಗೇಣು ಮೇಲೆ, ನೆಲದಲ್ಲಿ ಎರಡು ಕೈಗಳ ನೆರಳು, ನಡುವೆ ಬಿಸಿಲು, ನಾನು ಎತ್ತುವುದಿಲ್ಲ, ಒಂದು ಬೆರಳಿನಷ್ಟೂ ಎತ್ತುವುದಿಲ್ಲ, ಇಳಿಯಬೇಕಾದದ್ದು ಅದು, ಎಷ್ಟು ಹೊತ್ತಾದರೂ ಆಗಲಿ, ಅವನ ಬೆರಳ ತುದಿಯಲ್ಲಿ ಒಂದು ಹನಿ ತುಂಬಿತು, ಜೋತಿತು, ಬಿತ್ತು, ನನ್ನ ಅಂಗೈ ನಡುವೆ, ಬಿಸಿಯಾಗಿ, ಮತ್ತೆ ಇನ್ನೊಂದು, ಕೈ ಇನ್ನೂ ಅಲ್ಲೇ ಇದೆ, ಒಂದು ಗೇಣು ಮೇಲೆ, ಆ ಕೈ —