ಉಗುರಿಗೆ ಸಿಗದ ಗೀರು

ಶವವಾಹನ ಕಾರು ಪಾಲಿಶಿನ ಶೆಡ್ಡಿನೊಳಗೆ ಬಂದು ನಿಂತಾಗ ಪಾಲಿಶಿನವನು ಬುತ್ತಿಡಬ್ಬಿ ತೊಳೆದಿಟ್ಟು, ಗೋಡೆಗೊರಗಿ, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದ. ಬೆಳಗಿನಿಂದ ಎರಡು ಬಿಳಿ ಕಾರು ಮುಗಿಸಿದ್ದ. ಸೊಂಟ ಹಿಡಿದುಕೊಂಡಿತ್ತು. ಬಾಗಿಲಲ್ಲಿ ಆ ಕಪ್ಪು ಬಣ್ಣ ಕಂಡದ್ದೇ ತಡ, ಕೈಗಳನ್ನು ಇನ್ನೂ ಒಳಕ್ಕೆ ಸಿಕ್ಕಿಸಿಕೊಂಡ.

ಕಪ್ಪು ಬಣ್ಣಕ್ಕೆ ದಾಕ್ಷಿಣ್ಯವಿಲ್ಲ. ಬಿಳಿಯದು ಒಳ್ಳೆಯ ನೆಂಟನ ಹಾಗೆ, ಕಂಡರೂ ಕಾಣದಂತೆ ಇದ್ದುಬಿಡುತ್ತದೆ. ಕಪ್ಪು ಒಂದೊಂದು ತಪ್ಪನ್ನೂ ಎತ್ತಿ ಬೆಳಕಿಗೆ ಹಿಡಿಯುತ್ತದೆ. ಹಿಂದೆಲ್ಲ ಕಪ್ಪು ಗಾಡಿ ಬಂದರೆ ಅವನೇ ಮುಂದೆ ನುಗ್ಗುತ್ತಿದ್ದ. ಕಳೆದ ನಾಲ್ಕು ತಿಂಗಳಿಂದ ಮಾತ್ರ ಅವನಿಗೆ ಕಪ್ಪು ಎಂದರೆ ಭಯ.

ಶವವಾಹನದ ಚಾಲಕನನ್ನು ಎಲ್ಲರೂ ನಿಧಾನಣ್ಣ ಎನ್ನುತ್ತಿದ್ದರು. ಮೂವತ್ತು ವರ್ಷ ಗಾಡಿ ಓಡಿಸಿಯೂ ಅವಸರ ಕಲಿಯಲಿಲ್ಲವಲ್ಲ ಎಂದು ಯಾರಾದರೂ ಕೆಣಕಿದರೆ, ತನ್ನ ಹಿಂದೆ ಮಲಗಿದವರಲ್ಲಿ ಒಬ್ಬರೂ ಇವತ್ತಿನವರೆಗೆ ತಡವಾಯಿತೆಂದು ದೂರಿಲ್ಲ ಎನ್ನುತ್ತಿದ್ದ. ಇವತ್ತು ಅವನ ಬಾಯಲ್ಲಿ ತಮಾಷೆ ಇರಲಿಲ್ಲ. ಇಳಿದವನೇ ಹಿಂಬಾಗಿಲ ಹತ್ತಿರ ಹೋಗಿ ನಿಂತ. ಹಿಡಿಕೆಯಿಂದ ಕೆಳಗೆ, ಒಂದು ಗೇಣು ಉದ್ದಕ್ಕೆ, ಐದು ಗೀರುಗಳು ಒಂದರ ಪಕ್ಕ ಒಂದು ಓರೆಯಾಗಿ ಇಳಿದಿದ್ದವು.

ನಡೆದದ್ದನ್ನು ಅವನು ನೆಲ ನೋಡುತ್ತಲೇ ಹೇಳಿದ. ಹೋದ ತಿಂಗಳು ಆರು ವರ್ಷದ ಒಂದು ಹುಡುಗಿಯನ್ನು ಒಯ್ಯಬೇಕಾಗಿ ಬಂದಿತ್ತು. ಬಾಗಿಲು ಹಾಕುವ ಹೊತ್ತಿಗೆ ತಾಯಿ ಬಂದು ಅದನ್ನು ಹಿಡಿದುಕೊಂಡಳು. ಕೈಯಲ್ಲಿ ಉಂಗುರಗಳಿದ್ದವು. ಬಿಡಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಕೊನೆಗೆ ಆಕೆಯೇ ಜಾರಿ ಕೂತಳು, ಕೈಯೂ ಬಾಗಿಲ ಮೇಲೆ ಜಾರಿತು. ಅಂದಿನಿಂದ ಗಾಡಿಯನ್ನು ಇಲ್ಲಿಗೆ ತರಬೇಕೆಂದುಕೊಂಡಿದ್ದ. ಸಾವಿಗೆ ರಜೆಯೆಲ್ಲಿ, ಬಿಡುವಾಗಲಿಲ್ಲ. ಇವತ್ತು ಬೆಳಗ್ಗೆ ಅದೇ ಮನೆಯಲ್ಲಿ ಅಜ್ಜ ತೀರಿಕೊಂಡಿದ್ದ. ನಾಳೆ ಒಂಬತ್ತಕ್ಕೆ ಗಾಡಿ ಅಲ್ಲಿರಬೇಕು.

"ಅದೇ ಬಾಗಿಲ ಮುಂದೆ ಆಯಮ್ಮ ಮತ್ತೆ ನಿಲ್ತಾರೆ," ಎಂದ ನಿಧಾನಣ್ಣ. "ಅವರ ಕಣ್ಣಿಗೆ ಇದು ಬೀಳಬಾರದು, ಅಷ್ಟೇ."

ಶೆಡ್ಡಿನ ಯಜಮಾನ ಪಾಲಿಶಿನವನ ಹೆಂಡತಿಯ ತಮ್ಮ. ಅವನು ಆ ಕಡೆ ಒಂದು ಕಾರಿನ ಗಾಜು ಒರೆಸುತ್ತಿದ್ದವನು ಕೈ ನಿಲ್ಲಿಸಿ ಭಾವನತ್ತ ನೋಡಿದ. ಪಾಲಿಶಿನವನು ಎದ್ದ. ಈ ಮಾತು ಕೇಳಿದ ಮೇಲೆ ಆಗುವುದಿಲ್ಲ ಎನ್ನಲು ನಾಲಿಗೆ ಬರಲಿಲ್ಲ.

ಬಾಗಿಲನ್ನು ತೊಳೆದು ಒರೆಸಿದ. ಆಮೇಲೆ ಬಲಗೈಯ ತೋರುಬೆರಳಿನ ಉಗುರನ್ನು ಮೊದಲ ಗೀರಿನ ಮೇಲೆ ಅಡ್ಡಕ್ಕೆ ಎಳೆದ.

ಈ ಕೆಲಸದ ಅರ್ಧ ವಿದ್ಯೆ ಅಲ್ಲೇ ಇದೆ. ಬಣ್ಣದ ಮೇಲೆ ಗಾಜಿನಂಥ ಒಂದು ತೆಳು ಪದರ ಇರುತ್ತದೆ. ಗೀರು ಆ ಪದರದಲ್ಲೇ ನಿಂತಿದ್ದರೆ ಉಗುರು ಸಲೀಸಾಗಿ ದಾಟಿಹೋಗುತ್ತದೆ; ಕಾಂಪೌಂಡ್ ಎಂಬ ಉಜ್ಜುವ ಲೇಪ ಹಚ್ಚಿ ಮಷೀನು ತಿರುಗಿಸಿದರೆ ಮಾಯವಾಗುತ್ತದೆ. ಉಗುರು ತಡೆದರೆ ಗೀರು ಆಳದ್ದು. ಅದನ್ನು ಉಜ್ಜಿ ತೆಗೆಯುತ್ತೇನೆಂದು ಹಟ ಹಿಡಿದರೆ ಪದರವೇ ಸವೆದು, ಅಂಗೈಯಗಲ ಪೇಲವ ಕಲೆ ಏಳುತ್ತದೆ, ಗೀರಿಗಿಂತ ಹತ್ತು ಪಟ್ಟು ಎದ್ದು ಕಾಣುವಂಥದು. ನೀರು ಹಚ್ಚಿಯೂ ನೋಡಬಹುದು. ಆದರೆ ಕಪ್ಪಿನ ಮೇಲೆ ನೀರು ಎಲ್ಲವನ್ನೂ ಮುಚ್ಚಿ ಸುಳ್ಳು ಹೇಳುತ್ತದೆ.

ಉಗುರು ಐದೂ ಗೀರುಗಳನ್ನು ದಾಟಿತು. ತಡೆಯಿತೋ, ಜಾರಿತೋ ಅವನಿಗೆ ತಿಳಿಯಲಿಲ್ಲ. ಇನ್ನೊಂದು ಬೆರಳು ಇಟ್ಟ. ಎಡಗೈ ಇಟ್ಟ. ಯಾರೋ ಪಕ್ಕದ ಮನೆಯವರ ಕೈಯನ್ನು ಎರವಲು ತಂದು ಮುಟ್ಟಿದ ಹಾಗಿತ್ತು.

ಇಪ್ಪತ್ತಾರು ವರ್ಷ ಆ ಮಷೀನಿನ ನಡುಕ ಅವನ ಕೈಗಿಳಿದಿತ್ತು. ಮೊದಮೊದಲು ಬೆಳಗಿನ ಹೊತ್ತು ಬೆರಳ ತುದಿ ಬಿಳಿಚಿಕೊಳ್ಳುತ್ತಿತ್ತು, ಉಜ್ಜಿದರೆ ಸರಿಹೋಗುತ್ತಿತ್ತು. ಆಮೇಲೆ ಉಜ್ಜಿದರೂ ಸರಿಹೋಗಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಷೀನು ಕೈತಪ್ಪುತ್ತದೆ, ಮಷೀನು ತಪ್ಪಿದರೆ ಭಾವಮೈದನ ಶೆಡ್ಡಿನಲ್ಲಿ ತಾನು ಕಸ ಗುಡಿಸುವ ನೆಂಟನಷ್ಟೇ. ಅಂಗಿಯ ಗುಂಡಿಗಳನ್ನು ಹಾಕಿದಂತೆಯೇ ಬಿಟ್ಟು ತಲೆಯ ಮೇಲಿಂದ ತೂರಿಸಿಕೊಳ್ಳುವುದನ್ನು ಕಲಿತ. ಗಾಡಿಯ ಅಂಚಿಗೆ ಟೇಪ್ ಅಂಟಿಸುವುದನ್ನೂ ಶುರುಮಾಡಿದ. ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತದೆ, ಮಷೀನು ತಾಕಿ ಸವೆಯಬಾರದೆಂದು ಹೊಸಬರು ಹಾಗೆ ಟೇಪ್ ಹಾಕುತ್ತಾರೆ. ಬೀಳುವ ಮೊದಲೇ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಹಾಗಾಯಿತು ಎಂದು ಅಂಥವರನ್ನು ನಗೆಯಾಡುತ್ತಿದ್ದವನು ಅವನೇ.

ಈಗಲೂ ಜೇಬಿನಿಂದ ಟೇಪ್ ತೆಗೆದು ಬಾಗಿಲಿನ ಅಂಚಿಗೆ ಅಂಟಿಸಿದ. ಪ್ಯಾಡ್ ಒದ್ದೆ ಮಾಡಿ, ನಾಲ್ಕು ಹನಿ ಕಾಂಪೌಂಡ್ ಇಟ್ಟು, ಮಷೀನನ್ನೆತ್ತಿ ಗೀರುಗಳ ಮೇಲೆ ಒರಗಿಸಿದ. ಸ್ವಿಚ್ಚಿನ ಮೇಲೆ ಬೆರಳಿತ್ತು. ಇದೆಯೆಂಬುದು ಕಣ್ಣಿಗೆ ಕಂಡದ್ದರಿಂದ ಗೊತ್ತು.

ಹೆಂಗಸಿನ ಐದು ಗೀರು ಹೋಗಿ, ಆ ಜಾಗದಲ್ಲಿ ಒಂದು ಬೋಳು ಕಲೆ ಎದ್ದರೆ? ನಾಳೆ ಒಂಬತ್ತಕ್ಕೆ ಆಕೆ ಮೊದಲು ನೋಡುವುದು ಅದನ್ನೇ.

ಮಷೀನನ್ನು ನೆಲಕ್ಕಿಟ್ಟ.

"ನಿಧಾನಣ್ಣ, ಸ್ವಲ್ಪ ನಿಮ್ಮ ಉಗುರು ಇಡಿ ಇಲ್ಲಿ. ನನಗೆ ಗೊತ್ತಾಗ್ತಿಲ್ಲ."

"ಚೆನ್ನಾಗಿದೆ. ಇನ್ನು ಮೇಲೆ ಗಿರಾಕಿನೇ ಕೆಲಸಾನೂ ಮಾಡ್ಬೇಕಾ?"

"ನನ್ನ ಬೆರಳು ಸತ್ತಿವೆ."

ನಿಧಾನಣ್ಣ ನಗಲಿಲ್ಲ. ಆ ಮಾತಿಗೆ ನಕ್ಕು ಅಭ್ಯಾಸವಿಲ್ಲದವನು. ಸಾವಾದ ಮನೆಯ ಜಗಲಿಯಲ್ಲಿ ನಿಂತು ವಿಚಾರಿಸುವ ದನಿಯಲ್ಲಿ, "ಎಷ್ಟು ದಿನ ಆಯ್ತು?" ಎಂದ.

"ನಾಲ್ಕು ತಿಂಗಳು."

ಭಾವಮೈದ ಒದ್ದೆ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತಿರ ಬಂದಿದ್ದ. ಪಾಲಿಶಿನವನು ಅವನ ಮುಖ ನೋಡಲಾರದೆ ಬಾಗಿಲಿಗೇ ಹೇಳುವಂತೆ ಹೇಳತೊಡಗಿದ. ಬೆರಳಿನ ವಿಷಯ ಹೇಳಿದ. ಮೂರು ವಾರದ ಹಿಂದೆ ಗಿರಾಕಿ ಮೇಷ್ಟ್ರೊಬ್ಬರ ಕೆಂಪು ಕಾರಿನ ಮೂತಿಯ ಉಬ್ಬುಗೆರೆಯಲ್ಲಿ ಬಣ್ಣ ಸುಟ್ಟದ್ದನ್ನೂ ಹೇಳಿದ. ಕೈಗೆ ಬಿಸಿ ತಾಕಿರಲಿಲ್ಲ. ವಾಸನೆ ಬಂದಾಗಲೇ ತಿಳಿದದ್ದು. ಸಣ್ಣ ಕುಂಚದಲ್ಲಿ ಬಣ್ಣ ಮುಟ್ಟಿಸಿ, ಮೇಲೆ ಮೇಣ ತಿಕ್ಕಿ, ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ ಕೊಟ್ಟಿದ್ದ.

ಭಾವಮೈದ ಹೆಗಲ ಮೇಲಿನ ಬಟ್ಟೆ ತೆಗೆದು ಮಡಚಿದ.

"ಬೆರಳಿಂದು ಗೊತ್ತಿತ್ತು ಭಾವ," ಎಂದ. "ಕಸದ ಡಬ್ಬಿಲಿ ಟೇಪ್ ಚೂರು ನೋಡ್ದೆ. ಈ ಶೆಡ್ಡಲ್ಲಿ ಟೇಪ್ ಹಾಕೋರು ಯಾರು ಅಂತ ಯೋಚ್ನೆ ಆಯ್ತು. ಅಕ್ಕನ್ನ ಕೇಳ್ದೆ. ಅಂಗಿ ವಿಷಯ ಹೇಳಿ ಅತ್ತಳು."

"ಗೊತ್ತಿದ್ದೂ ಕೇಳ್ಲಿಲ್ವಲ್ಲ."

"ಹೇಗೆ ಕೇಳೋದು? ನನಗೆ ಮಷೀನು ಹಿಡಿಯೋಕೆ ಹೇಳ್ಕೊಟ್ಟೋರು ನೀವು. ಅದಕ್ಕೇ ಬಿಳೀದೆಲ್ಲ ನಿಮ್ಮ ಕಡೆ ಕಳಿಸ್ತಿದ್ದೆ."

ಎರಡು ತಿಂಗಳಿಂದ ಊರಿಗೆ ಊರೇ ಬಿಳಿ ಕಾರು ಕೊಂಡಿದೆಯೇನೋ ಎಂದು ಪಾಲಿಶಿನವನಿಗೆ ಅನ್ನಿಸಿತ್ತು. ದೇವರು ಕಣ್ಣು ಬಿಟ್ಟ ಎಂದು ಮನಸ್ಸಿನಲ್ಲೇ ಕೈಮುಗಿದದ್ದೂ ಉಂಟು.

"ಕೆಂಪು ಕಾರಿಂದು ಮಾತ್ರ ಗೊತ್ತಿರ್ಲಿಲ್ಲ," ಎಂದ ಭಾವಮೈದ. ದನಿ ಗಡುಸಾಗಿತ್ತು. "ಅದನ್ನ ಹೇಳ್ಬೇಕಿತ್ತು ನೀವು. ನಾಳೆ ಮೇಷ್ಟ್ರಿಗೆ ಫೋನ್ ಮಾಡ್ತೀನಿ."

ಬೇಡ, ಅವರ ಮನೆಗೆ ಹೋಗಿ ತಾನೇ ಹೇಳಿ ಬರುತ್ತೇನೆ ಎಂದ ಪಾಲಿಶಿನವನು.

ಇಷ್ಟರಲ್ಲಿ ನಿಧಾನಣ್ಣ ತನ್ನ ಹೆಬ್ಬೆರಳ ಉಗುರನ್ನು ಗೀರುಗಳ ಮೇಲೆ ಎಳೆದು ನೋಡಿದ್ದ. ಅವನ ನಿಧಾನ ಇಲ್ಲಿ ಉಪಯೋಗಕ್ಕೆ ಬಂತು. ನಾಲ್ಕು ಗೀರುಗಳಲ್ಲಿ ಉಗುರು ಜಾರುತ್ತದೆ, ನಡುವಿನದರಲ್ಲಿ ಟಕ್ಕೆಂದು ನಿಲ್ಲುತ್ತದೆ ಎಂದ. ಭಾವಮೈದನೂ ಎಳೆದು ನೋಡಿ ಹೌದೆಂದ.

ಮಷೀನು ಹಿಡಿಯುವ ಇನ್ನೊಬ್ಬ ಹುಡುಗ ಅಂದು ರಜೆಯಲ್ಲಿದ್ದ; ಭಾವಮೈದನೇ ಮಷೀನನ್ನೆತ್ತಿಕೊಂಡ. ಯಜಮಾನನಾದ ಮೇಲೆ ಹತ್ತು ವರ್ಷದಿಂದ ಅದನ್ನು ಹಿಡಿದವನಲ್ಲ. ಪ್ಯಾಡ್ ತಾಕಿದ್ದೇ ಮಷೀನು ಕೊಸರಾಡಿ ಪಕ್ಕಕ್ಕೆ ಓಡಿತು. ಒತ್ತಬೇಡ, ಅದರ ಭಾರವೇ ಅದಕ್ಕೆ ಸಾಕು ಎಂದು ಪಾಲಿಶಿನವನು ಹೇಳಬೇಕಾಯಿತು. ನಡುವಿನ ಗೀರನ್ನು ಬಿಟ್ಟು ಎಡಕ್ಕೆರಡು, ಬಲಕ್ಕೆರಡು.

"ಒಂದು ಜಾಗದಲ್ಲಿ ಎಷ್ಟು ಹೊತ್ತು ಭಾವ?"

"ಎರಡು ಪದ್ಯ."

"ಏನು?"

ಪಾಲಿಶಿನವನಿಗೆ ನಾಚಿಕೆಯಾಯಿತು. ಚಿಕ್ಕಂದಿನಲ್ಲಿ ತಾಯಿ ದಿನವೂ ಓದಿ ಹೇಳುತ್ತಿದ್ದ ಪದ್ಯಗಳು ಅವನ ಬಾಯಲ್ಲಿ ಉಳಿದಿದ್ದವು. ಕೆಲಸ ಕಲಿತ ದಿನದಿಂದ ಅವನ ಗಡಿಯಾರ ಅದೇ: ಒಂದು ಪದ್ಯಕ್ಕೆ ಕಾಂಪೌಂಡ್ ಹರಡುತ್ತದೆ, ಎರಡನೆಯದು ಮುಗಿಯುವಷ್ಟರಲ್ಲಿ ಅದು ತೆಳುವಾಗಿ ಮಂಜಾಗುತ್ತದೆ, ಆಗ ಕೈ ತೆಗೆಯಬೇಕು. ಮೂರನೆಯದಕ್ಕೆ ಹೋದರೆ ಬಣ್ಣ ಕಾಯುತ್ತದೆ. ಮಷೀನಿನ ಸದ್ದಿನಲ್ಲಿ ಅವನ ತುಟಿ ಅಲ್ಲಾಡುವುದನ್ನು ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ.

"ನಿಮಿಷದಲ್ಲಿ ಹೇಳಿ ಭಾವ. ನನಗೆ ಪದ್ಯ ಬರಲ್ಲ."

"ನನಗೆ ನಿಮಿಷ ಬರಲ್ಲಪ್ಪ."

ಕೊನೆಗೆ ಅವನೇ ಗಟ್ಟಿಯಾಗಿ ಹೇಳಬೇಕಾಯಿತು. ಮಷೀನಿನ ಸದ್ದಿಗಿಂತ ಮೇಲೆ ಕೇಳಬೇಕೆಂದು ಗಂಟಲು ಎತ್ತಿದ. ದನಿ ಒಡೆದಿತ್ತು, ರಾಗ ಎಲ್ಲೆಲ್ಲೋ ಹೋಯಿತು. ನಿಧಾನಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಎರಡನೆಯ ಪದ್ಯದ ಕೊನೆಯ ಮಾತಿಗೆ ಭಾವಮೈದ ಮಷೀನು ಎತ್ತುತ್ತಿದ್ದ, ಬಟ್ಟೆಯಲ್ಲಿ ಒರೆಸುತ್ತಿದ್ದ, ದೀಪ ಹಿಡಿದು ನೋಡುತ್ತಿದ್ದ. ಹೀಗೆ ಏಳು ಸಲ. ಪಾಲಿಶಿನವನು ಮುಗಿಸಿದಾಗ ತಾನೇ ಮಷೀನು ಹಿಡಿದು ದುಡಿದ ದಿನಕ್ಕಿಂತ ಹೆಚ್ಚು ದಣಿದಿದ್ದ.

ನಾಲ್ಕು ಗೀರು ಹೋದವು. ಕಪ್ಪಿನಲ್ಲಿ ಟ್ಯೂಬ್‌ಲೈಟ್ ನೆಟ್ಟಗೆ, ಎಳೆ ತಪ್ಪದೆ ಕಾಣುತ್ತಿತ್ತು. ನಡುವಿನ ಒಂದು ಗೀರು ಉಳಿಯಿತು. ಇದನ್ನೂ ಒಂದು ಕೈ ನೋಡೋಣವೇ ಎಂದು ಭಾವಮೈದ ಮಷೀನು ಮುಂದೆ ಮಾಡಿದ.

"ಬೇಡ," ಎಂದ ಪಾಲಿಶಿನವನು. "ಅದು ನಮ್ಮ ಕೈಗೆ ಬರೋದಲ್ಲ. ಅಲ್ಲೇ ಬಿಡು."

ಗೀರಿನ ಮೇಲೆ ತೆಳುವಾಗಿ ಮೇಣ ಹಚ್ಚಿಸಿದ, ಬೆಳಕು ಸ್ವಲ್ಪ ಕಡಿಮೆ ಹಿಡಿಯಲೆಂದು. ಮೇಣ ಎಷ್ಟು ದಿನ ತಡೆಯುತ್ತದೆ ಎಂದು ನಿಧಾನಣ್ಣ ಕೇಳಿದ. ನಾಳೆಗೆ ಸಾಕು ಎಂದ ಪಾಲಿಶಿನವನು. ನಿಧಾನಣ್ಣ ಬಾಗಿ, ಆ ತಾಯಿಯ ಎತ್ತರಕ್ಕೆ ತಲೆ ತಂದುಕೊಂಡು, ಬಾಗಿಲಿನ ಆಚೆ ಈಚೆ ನಾಲ್ಕು ಹೆಜ್ಜೆ ನಡೆದು ನೋಡಿದ. ಎಡಗಡೆಯಿಂದ ನೋಡಿದರೆ ಮಾತ್ರ ಒಂದು ಎಳೆ ಮಿನುಗುತ್ತಿತ್ತು.

"ಎಡಗಡೆ ನಾನು ನಿಂತ್ಕೋತೀನಿ," ಎಂದ ಅವನು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ. "ಬಾಗಿಲು ಹಾಕೋವರೆಗೂ ಅಲ್ಲಾಡಲ್ಲ."

ಗಾಡಿಯನ್ನು ಹಿಂದಕ್ಕೆ ತೆಗೆಯಲು ಅವನಿಗೆ ಎಂದಿನಷ್ಟೇ ಹೊತ್ತು ಹಿಡಿಯಿತು. ಇಬ್ಬರೂ ನಿಂತು ನೋಡಿದರು. ಬೀದಿಯ ತಿರುವು ದಾಟಿದ ಮೇಲೆ ಭಾವಮೈದ ಒಳಗೆ ಬಂದು, ಮಷೀನಿನ ವೈರನ್ನು ಮೊಣಕೈಗೂ ಅಂಗೈಗೂ ಸುತ್ತತೊಡಗಿದ. ಅರ್ಧ ಸುತ್ತಿ ತಲೆಯೆತ್ತಿದ.

"ಹೀಗೇನಾ ಭಾವ, ನೀವು ಸುತ್ತೋದು?"

ಪಾಲಿಶಿನವನು ಸುತ್ತುತ್ತಿದ್ದುದು ಬೇರೆ ರೀತಿ. ಹಾಗೆ ಬಿಗಿಯಾಗಿ ಸುತ್ತಿದರೆ ವೈರು ಬುಡದಲ್ಲಿ ಬೇಗ ಮುರಿಯುತ್ತದೆ. ಹೇಳಬೇಕೆಂದುಕೊಂಡ. ನಾಳೆ ಹೇಳಿದರಾಯಿತು.

"ಹೂಂ, ಹಾಗೇನೆ," ಎಂದು ಪಾಲಿಶಿನವನು ಗೋಡೆಯ ಬುಡದಲ್ಲಿ ಕೂತ.